ಫಿಯಟ್ಟಿನ ಹೊಟ್ಟೆಗೆ ಹೋದ ನಾಲ್ಕು ಅಟ್ಟೆ

ಶನಿವಾರ ಬೆಳಗ್ಗೆ ಹತ್ತರ ಸುಮಾರಿಗೆ ಮೊಳಕಾಲ್ಮೂರಿನ ಆ ಫಿಯಟ್ ಕಾರು ಚಳ್ಳಕೆರೆಯ ನನ್ನ ಗ್ಯಾರೇಜಿನ ಮುಂದೆ ಬಂದು ನಿಂತಿತು. ಕೀಲಿ ತಿರುಗಿಸಿ ಆರಿಸಿದ ಮೇಲೂ ಎರಡು ಸಲ ಕೆಮ್ಮಿತು, ಮೈ ಕೊಡವಿತು, ಆಮೇಲೆ ಸುಮ್ಮನಾಯಿತು. ಕಡಲೆಹಿಟ್ಟಿನ ಬಣ್ಣ, ಬೀರುವಿನ ಬಾಗಿಲಿನಷ್ಟು ಭಾರದ ಬಾಗಿಲು. ನನಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ತಗ್ಗು-ಉಬ್ಬುಗಳನ್ನು ಎಣಿಸಿದರೆ ಅದರ ಬಾಡಿಯೇ ವಾಸಿ.

ಇಳಿದವರು ಕಾರಿನ ಯಜಮಾನರು. ಎಪ್ಪತ್ತರ ಹತ್ತಿರದವರು. ಒಂದು ಕಾಲಕ್ಕೆ ರೇಷ್ಮೆ ಸೀರೆ ವ್ಯಾಪಾರಿಯೊಬ್ಬರಿಗೆ ಇದೇ ಕಾರಿನ ಡ್ರೈವರ್ ಆಗಿದ್ದರು. ವ್ಯಾಪಾರಿ ಹೊಸ ಕಾರು ತಗೊಂಡಾಗ ಹಳೆಯದನ್ನು ಇವರಿಗೇ ಬಿಟ್ಟುಕೊಟ್ಟರು. ಈಗ ಮನೆಯಲ್ಲಿ ಎರಡು ಮಗ್ಗ, ಹಿತ್ತಲಲ್ಲಿ ಈ ಕಾರು. ನಾನು ಮೊದಲಿನಿಂದ ಅವರನ್ನು ಡ್ರೈವರಣ್ಣ ಅಂತಲೇ ಕರೆಯುವುದು.

"ಏನಿಲ್ಲ ಮೇಸ್ತ್ರಿ, ಒಂದು ಟ್ಯೂನಿಂಗ್ ಮಾಡಿಕೊಟ್ಬಿಡ್ರಿ. ಮಂಗಳವಾರ ಧರ್ಮಾವರಕ್ಕೆ ಹೋಗ್ಬೇಕು, ಅಕ್ಕನ್ನ ಕರ್ಕಂಡು."

"ಅಷ್ಟು ದೂರಕ್ಕೆ ಇದ್ಯಾಕ್ರಿ? ಬಸ್ಸಿಲ್ವಾ?" ಅಂದೆ. ಕೆಲಸ ಬಂದ ಕೂಡಲೇ ಅದು ಕೆಡುವ ದಾರಿಯನ್ನು ಹುಡುಕುವುದು ನನ್ನ ಅಭ್ಯಾಸ.

"ನಮ್ಮಕ್ಕ ಬಸ್ ಹತ್ತಿದ್ರೆ ಊರು ದಾಟೋದ್ರೊಳಗೆ ವಾಂತಿ ಮಾಡ್ಕಂಡು ಮಲಗ್ತಾಳೆ. ಈ ಕಾರಾದ್ರೆ ರಾಣಿ ಹಂಗೆ ಕುಂತ್ಕಂತಾಳೆ. ಏನೂ ಪರವಾಲೇದು, ಹೋಗುತ್ತೆ ಇದು. ಕಾಲು ತೆಗೆದಾಗ, ಸ್ಲೋನಾಗೆ ಮಾತ್ರ ಮಿಸ್ಸಿಂಗ್ ಐತೆ, ಅದೊಂದು ನೋಡ್ರಿ. ಸ್ಪೇರೆಲ್ಲ ಡಿಕ್ಕಿಯಾಗೈತೆ. ಬೇಕಾದ್ದು ತಕ್ಕಳ್ರಿ, ಕೇಳಾಕ್ ಹೋಗ್ಬ್ಯಾಡ್ರಿ."

ಸೋಮವಾರ ಬೆಳಗ್ಗೆ ಎಂಟಕ್ಕೆ ಬರುತ್ತೇನೆ ಅಂತ ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಈ ಕೊನೆಯ ಮಾತನ್ನು ಅಂದಿನಿಂದ ನೂರು ಸಲ ಮೆಲುಕು ಹಾಕಿದ್ದೇನೆ. ಅವರದು ದೊಡ್ಡ ಮನಸ್ಸು. ಅದನ್ನು ನಾನು ಅನುಮತಿ ಪತ್ರ ಅಂದುಕೊಂಡೆ.

ಟ್ಯೂನಿಂಗ್ ದೊಡ್ಡ ವಿದ್ಯೆಯೇನಲ್ಲ. ಕ್ರಮ ತಪ್ಪಬಾರದು, ಅಷ್ಟೆ. ಮೊದಲು ಟ್ಯಾಪೆಟ್, ಆಮೇಲೆ ಪ್ಲಗ್, ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್, ಕಟ್ಟಕಡೆಗೆ ಕಾರ್ಬೊರೇಟರ್. ಕಾರ್ಬೊರೇಟರ್‌ಗೆ ಮೊದಲು ಕೈ ಹಾಕುವವನು ಜ್ವರಕ್ಕೆ ಬಾಯಿ ತೊಳೆಸುವ ಡಾಕ್ಟರ್ ಇದ್ದ ಹಾಗೆ ಅಂತ ನನಗೆ ಕೆಲಸ ಕಲಿಸಿದ ಉಸ್ತಾದ್ ಹೇಳುತ್ತಿದ್ದರು. ಶನಿವಾರ ಇಂಜಿನ್ ತಣ್ಣಗಾದ ಮೇಲೆ ಮೇಲಿನ ಕವರ್ ತೆಗೆದೆ. ಎಂಟು ವಾಲ್ವುಗಳಿಗೂ ಸಂದು ಅಳೆಯುವ ಫೀಲರ್ ಗೇಜಿನ ಎಲೆ ತೂರಿಸಿ, ಎಳೆದರೆ ಬೆಣ್ಣೆಯಿಂದ ಚಾಕು ಎಳೆದಷ್ಟೇ ಬಿಗಿ ಇರುವಂತೆ ಟ್ಯಾಪೆಟ್ ಕೂಡಿಸಿದೆ. ಎರಡು ವಾಲ್ವು ಸಡಿಲವಿದ್ದವು. ಪ್ಲಗ್ಗುಗಳ ತುದಿ ಮೂರರಲ್ಲಿ ಇಟ್ಟಿಗೆ ಬಣ್ಣ, ಒಂದರಲ್ಲಿ ಬಿಳಿ. ಬಿಳಿ ಅಂದರೆ ಆ ಸಿಲಿಂಡರಿಗೆ ಎಲ್ಲಿಂದಲೋ ಹೆಚ್ಚು ಗಾಳಿ ಹೋಗುತ್ತಿದೆ. ಸುಳಿವು ಅಲ್ಲೇ ಇತ್ತು. ನಾನು ನೋಡಿದೆ, ಗುರುತಿಟ್ಟುಕೊಂಡೆ, ಆಮೇಲೆ ಬೇರೆ ಚಿಂತೆಗೆ ಹೋದೆ.

ಚಿಂತೆಗಳಿಗೇನು ಬರ? ನೀರಿನ ಪಂಪ್ ಸೋರುತ್ತಿದೆಯೋ ಏನೋ, ಡ್ರೈವರಣ್ಣನಿಗೆ ಫೋನ್. ಎಣ್ಣೆ ಯಾವುದು ಹಾಕುತ್ತಿದ್ದಿರಿ, ಫೋನ್. ಟೈಮಿಂಗ್ ಚೈನ್ ಯಾವಾಗ ಬದಲಿಸಿದ್ದು, ಫೋನ್. ರೇಡಿಯೇಟರ್ ಮುಚ್ಚಳ ಇದರದೇನಾ, ಫೋನ್. ಭಾನುವಾರ ಬೆಳಗ್ಗೆ, ಹಿಂದಿನ ಬಲಗಡೆ ಟೈರ್ ಧರ್ಮಾವರ ಮುಟ್ಟುತ್ತದೆಯೇ ಅಂತ ಐದನೇ ಫೋನ್ ಮಾಡಿದಾಗ ಅವರು ನಕ್ಕುಬಿಟ್ಟರು.

"ಮೇಸ್ತ್ರಿ, ನೀವು ಇಂಜಿನ್ ಬಿಚ್ಚಿದ್ದೀರೋ, ನನ್ನ ತಲೆ ಬಿಚ್ಚಿದ್ದೀರೋ? ಎಲ್ಲಾ ನಿಮಗೇ ಬಿಟ್ಟಿದ್ದೀನಿ ಮಾರಾಯ್ರೇ. ಭಾನುವಾರನಾದ್ರೂ ಮುದ್ದೆ ಉಣ್ಣಾಕೆ ಬಿಡ್ರಿ."

ಹಿಂದೆ ನಿಂತು ಕೇಳುತ್ತಿದ್ದ ನನ್ನ ಹೆಂಡತಿ, "ಇನ್ನೂ ಕೆಡದೇ ಇರೋದಕ್ಕೆಲ್ಲ ಇವ್ರು ಮುಂಗಡ ಅಳ್ತಾರೆ" ಅಂತ ಫೋನಿಗೆ ಕೇಳಿಸುವ ಹಾಗೆ ಹೇಳಿದಳು. ನನಗೆ ನಾಚಿಕೆಯಾಯಿತು. ಇನ್ನು ಈ ಮನುಷ್ಯನಿಗೆ ಫೋನ್ ಮಾಡಬಾರದು ಅಂತ ನಿರ್ಧರಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಪಾಲಿಸಿದ ನಿರ್ಧಾರ ಇನ್ನೊಂದಿಲ್ಲ.

ಭಾನುವಾರ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ನೋಡಿದೆ. ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು. ಡಿಕ್ಕಿಯಲ್ಲಿದ್ದ ಹೊಸ ಪಾಯಿಂಟ್ ಹಾಕಿ, ಸಂದು ಕೂಡಿಸಿದೆ, ಕಂಡೆನ್ಸರ್ ಬದಲಿಸಿದೆ. ಟೈಮಿಂಗ್‌ಗೆ ಉಸ್ತಾದ್ ಕಲಿಸಿದ ಹಳೆಯ ಪದ್ಧತಿ: ಪಾಯಿಂಟಿನ ವೈರಿಗೆ ಒಂದು ಸಣ್ಣ ಬಲ್ಬು ಸೇರಿಸಿ, ಇಂಜಿನ್ನನ್ನು ಕೈಯಿಂದ ಕೂದಲೆಳೆಯಷ್ಟು ತಿರುಗಿಸುತ್ತಾ, ಪುಲ್ಲಿಯ ಗುರುತು ಬರುವ ಕ್ಷಣಕ್ಕೇ ಬಲ್ಬು ಹೊತ್ತುವಂತೆ ಡಿಸ್ಟ್ರಿಬ್ಯೂಟರ್ ಬಿಗಿಯುವುದು. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ ಸರಿಯಾಗಿತ್ತು. ಸಮಾಧಾನವಾಗದೆ ಐದನೇ ಸಲ ನೋಡಿದೆ.

ಇಂಜಿನ್ ಚಾಲೂ ಮಾಡಿದರೆ ರೇಸಿನಲ್ಲಿ ಚೆನ್ನಾಗಿದೆ, ಕಾಲು ತೆಗೆದರೆ ಮತ್ತೆ ಅದೇ. ಏರುವುದು, ಇಳಿಯುವುದು, ಇನ್ನೇನು ಆರಿತು ಅನ್ನುವಾಗ ಮತ್ತೆ ಎದ್ದು ಕೂರುವುದು. ಕಾರ್ಬೊರೇಟರ್ ಬಿಚ್ಚಿ ಜೆಟ್ಟುಗಳನ್ನು ಊದಿ ಕೂಡಿಸಿದೆ. ಬದಲಾಗಲಿಲ್ಲ. ಆಗ ಆ ಬಿಳಿ ಪ್ಲಗ್ ನೆನಪಾಯಿತು. ಆಯಿಲ್ ಕ್ಯಾನಿನಲ್ಲಿ ನಾಲ್ಕು ಹನಿ ಎಣ್ಣೆ ತಗೊಂಡು ಕಾರ್ಬೊರೇಟರ್ ಬುಡದ ಸುತ್ತ ಬಿಟ್ಟೆ. ಎಡಗಡೆ ಬಿಟ್ಟಾಗ ಏನೂ ಇಲ್ಲ. ಬಲಗಡೆ ಬಿಟ್ಟ ತಕ್ಷಣ ಇಂಜಿನ್ ಒಂದೇ ಸಮನೆ ಓಡತೊಡಗಿತು. ಎಣ್ಣೆ ಒಳಗೆ ಎಳೆದುಕೊಂಡ ಮೇಲೆ ಮತ್ತೆ ಏರಿಳಿತ. ಸಿಕ್ಕಿತು. ಬುಡದ ಪ್ಯಾಕಿಂಗ್ ಹೋಗಿದೆ, ಅಲ್ಲಿಂದ ಗಾಳಿ ನುಗ್ಗುತ್ತಿದೆ.

ಪ್ಯಾಕಿಂಗ್ ಅಂದರೆ ಎರಡು ಲೋಹದ ನಡುವೆ ಕೂರಿಸುವ ದಪ್ಪ ಕಾಗದದ ತುಂಡು. ಗಾಳಿ, ಪೆಟ್ರೋಲು ಸೋರದಂತೆ ತಡೆಯುವುದು ಅದರ ಕೆಲಸ. ಈ ಕಾರಿನಲ್ಲಿ ಕಾರ್ಬೊರೇಟರ್ ಕೆಳಗೆ ಒಂದು ಬಿಲ್ಲೆ ಇರುತ್ತದೆ, ಅದರ ಮೇಲೊಂದು, ಕೆಳಗೊಂದು ಪ್ಯಾಕಿಂಗ್. ಎರಡೂ ಹಪ್ಪಳದ ಹಾಗೆ ಪುಡಿಯಾಗಿದ್ದವು. ಅಂದು ಭಾನುವಾರ, ಸ್ಪೇರ್ ಅಂಗಡಿ ಬಾಗಿಲು ಹಾಕಿತ್ತು. ಮರುದಿನ ಹತ್ತಕ್ಕೆ ತೆಗೆಯುತ್ತದೆ, ಡ್ರೈವರಣ್ಣ ಎಂಟಕ್ಕೆ ಬರುತ್ತಾರೆ. ಎರಡು ಗಂಟೆ. ಟೀ ಕುಡಿಸಿ ಅವರನ್ನು ಎರಡು ಗಂಟೆ ಕೂರಿಸಿಕೊಳ್ಳಬಹುದಿತ್ತು.

ಈಗ ಅಟ್ಟೆಯ ವಿಷಯ ಹೇಳಬೇಕು. ಮೊಳಕಾಲ್ಮೂರಿನ ಸೀರೆಗಳ ಅಂಚಿನ ಚಿತ್ರ ಇರುವುದು ಅಟ್ಟೆಗಳಲ್ಲಿ. ಅಂಗೈ ಅಗಲ, ಒಂದು ಗೇಣು ಉದ್ದದ ದಪ್ಪ ಕಾರ್ಡುಗಳು. ಅವುಗಳಲ್ಲಿ ಸಾಲುಸಾಲು ತೂತು. ದಾರದಿಂದ ಒಂದಕ್ಕೊಂದು ಹೊಲಿದು ಮಗ್ಗದ ಮೇಲೆ ತೂಗುಬಿಟ್ಟಿರುತ್ತಾರೆ. ಎಲ್ಲಿ ತೂತಿದೆಯೋ ಅಲ್ಲಿ ಎಳೆ ಮೇಲೇಳುತ್ತದೆ. ಡಿಸೈನ್ ಹಳತಾಯಿತೆಂದರೆ ಅಟ್ಟೆ ರದ್ದಿ. ಆ ರದ್ದಿಯನ್ನು ನಮ್ಮ ಉಸ್ತಾದ್ ಕಟ್ಟುಗಟ್ಟಲೆ ತರಿಸಿಡುತ್ತಿದ್ದರು. "ಇದಕ್ಕಿಂತ ಒಳ್ಳೆ ಪ್ಯಾಕಿಂಗ್ ಯಾವ ಕಂಪನೀನೂ ಮಾಡಲ್ಲ ಬೇಟಾ, ಎಣ್ಣೆ ಕುಡಿದ್ರೂ ಉಬ್ಬಲ್ಲ" ಅನ್ನುತ್ತಿದ್ದರು. ನಾವು ಎಷ್ಟೋ ಪಂಪು, ಎಷ್ಟೋ ಗೇರ್‌ಬಾಕ್ಸಿಗೆ ಅಟ್ಟೆಯನ್ನೇ ಕತ್ತರಿಸಿ ಹಾಕಿದ್ದೇವೆ. ಈ ಸೀಮೆಯಲ್ಲಿ ಎಷ್ಟು ಇಂಜಿನ್ನುಗಳ ಹೊಟ್ಟೆಯಲ್ಲಿ ನವಿಲು, ಹಂಸ, ಮಾವಿನಕಾಯಿ ಕೂತಿವೆಯೋ ದೇವರೇ ಬಲ್ಲ.

ನನ್ನ ಹತ್ತಿರ ಇದ್ದ ಕಟ್ಟು ಮುಗಿದು ವರ್ಷವಾಗಿತ್ತು. ಹೊಸ ಪಾಯಿಂಟ್ ಹುಡುಕಲು ಡಿಕ್ಕಿ ತೆಗೆದಾಗ ಜ್ಯಾಕಿನ ಪಕ್ಕ ಒಂದು ಹಿಟ್ಟಿನ ಚೀಲ ಕಂಡಿತ್ತು. ಬಿಚ್ಚಿದೆ. ಅಟ್ಟೆಯ ಕಟ್ಟು. ಅಂಚುಗಳೆಲ್ಲ ಸವೆದು, ತೂತುಗಳು ಕಿವಿಯ ಹಾಗೆ ಜೋತುಬಿದ್ದ ಹಳೇ ಅಟ್ಟೆ. ಚೀಲದ ಮೇಲೆ ಅರಿಶಿನ ಕುಂಕುಮ ಹಚ್ಚಿತ್ತು. ಆದರೆ ಜ್ಯಾಕಿಗೂ ಹಚ್ಚಿತ್ತಲ್ಲ! ಆಯುಧಪೂಜೆಯಲ್ಲಿ ಡಿಕ್ಕಿಯಲ್ಲಿದ್ದ ಸಾಮಾನಿಗೆಲ್ಲ ಹಚ್ಚಿದ್ದಾರೆ ಅಂದುಕೊಂಡೆ. ಹಳೇ ಡ್ರೈವರ್, ಪಾಯಿಂಟ್ ಇಟ್ಟ ಹಾಗೆ ಪ್ಯಾಕಿಂಗಿಗೆ ಅಟ್ಟೆಯನ್ನೂ ಇಟ್ಟಿದ್ದಾರೆ, ಎಂಥ ಮುಂದಾಲೋಚನೆ ಅಂತ ಮೆಚ್ಚಿಕೊಂಡೆ. ಆದರೂ ಒಂದು ಮಾತು ಕೇಳೋಣವೇ ಅಂತ ಫೋನ್ ಕೈಗೆ ತಗೊಂಡೆ. ಆರನೇ ಫೋನ್. ಅವರ ನಗು ನೆನಪಾಯಿತು. ಫೋನನ್ನು ಮತ್ತೆ ಜೇಬಿಗಿಟ್ಟೆ.

ಆಮೇಲಿನ ಕೆಲಸವನ್ನು ನಾನು ತುಂಬ ಹುಷಾರಾಗಿ ಮಾಡಿದೆ. ಅದೇ ಹೊಟ್ಟೆ ಉರಿಸುವುದು. ನಡುವೆ ಕೈಹಾಕಿ ಕಟ್ಟು ಕೆಡಿಸಬಾರದೆಂದು ತುದಿಯಿಂದಲೇ ತೆಗೆದೆ. ಪ್ಯಾಕಿಂಗಿಗೆ ತೂತಿಲ್ಲದ ಜಾಗ ಬೇಕು. ತುದಿಯ ಅಟ್ಟೆಗಳಲ್ಲಿ ತೂತು ಬಹಳ ಕಡಿಮೆ, ಒಂದೊಂದರಲ್ಲಿ ನಾಲ್ಕೋ ಐದೋ. ನನಗಾಗಿಯೇ ಮಾಡಿಟ್ಟಂತಿದ್ದವು. ದಾರ ಕತ್ತರಿಸಿ ಆರು ತೆಗೆದೆ, ಉಳಿದದ್ದು ಬಿಚ್ಚಿಹೋಗದಂತೆ ತುದಿಗೆ ಗಂಟು ಹಾಕಿದೆ. ಅಟ್ಟೆಯನ್ನು ಬಿಲ್ಲೆಯ ಮೇಲಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟಿದರೆ ಬಿಲ್ಲೆಯ ಆಕಾರಕ್ಕೇ ಕತ್ತರಿಸಿ ಬರುತ್ತದೆ. ಎರಡು ಅಟ್ಟೆ ಕೆಟ್ಟವು. ನಾಲ್ಕು ಚೆನ್ನಾಗಿ ಬಂದವು. ಮೇಲೆರಡು, ಕೆಳಗೆರಡು, ನಡುವೆ ತೆಳ್ಳಗೆ ಶೆಲ್ಯಾಕ್ ಅಂಟು. ಬೋಲ್ಟನ್ನು ಒಂದೇ ಸಲ ಬಿಗಿಯದೆ ಒಂದೊಂದು ಸುತ್ತು ಹಂಚಿ ಬಿಗಿದೆ. ಚೂರುಪಾರುಗಳನ್ನು ಗುಡಿಸಿ, ಒಲೆಗೆ ಹಾಕಿ, ಅದರ ಮೇಲೆ ಟೀ ಕಾಸಿಕೊಂಡೆ.

ಸಂಜೆ ಇಂಜಿನ್ ಚಾಲೂ ಮಾಡಿದಾಗ ಅದು ಓಡುತ್ತಿದೆಯೋ ಇಲ್ಲವೋ ಅಂತ ಬಾನೆಟ್ ಮುಟ್ಟಿ ನೋಡಬೇಕಾಯಿತು. ಬಾನೆಟ್ ಮೇಲೆ ಒಂದು ಲೋಟ ನೀರಿಟ್ಟೆ. ನೀರು ನಡುಗಿತು, ತುಳುಕಲಿಲ್ಲ. ಅಪರೂಪಕ್ಕೆ ಅಂದು ನನಗೆ ಚಿಂತೆ ಮಾಡಲು ಏನೂ ತೋಚಲಿಲ್ಲ. ಆಗಲೇ ಹೆದರಬೇಕಿತ್ತು.

ಸೋಮವಾರ ಡ್ರೈವರಣ್ಣ ಬಂದರು. ಬಿಸಿ ಇಂಜಿನ್ನಿನಲ್ಲಿ ಏರಿನ ಮೇಲೆ ಎಳೆಯುತ್ತದೋ ಇಲ್ಲವೋ ನೋಡಬೇಕೆಂದು ನಾನೂ ಮೊಳಕಾಲ್ಮೂರಿನವರೆಗೆ ಜೊತೆಗೆ ಹೊರಟೆ. ಬಿ.ಜಿ. ಕೆರೆ ಹತ್ತಿರ ಟೀ ಅಂಗಡಿಯ ಮುಂದೆ ನಿಲ್ಲಿಸಿ ಇಂಜಿನ್ ಆರಿಸದೆ ಇಳಿದರು. ಕಿವಿಗೊಟ್ಟು ಕೇಳಿದರು.

"ಮೇಸ್ತ್ರಿ, ಏನ್ ಹಾಕಿದ್ರಿ ಇದಕ್ಕೆ? ಸಾಹುಕಾರ್ರ ಕಾಲದಾಗೂ ಹಿಂಗೆ ಓಡಿರ್ಲಿಲ್ಲ."

"ನಿಮ್ಮ ಡಿಕ್ಕಿಯ ಸ್ಪೇರೇ ಅಣ್ಣ" ಅಂದೆ, ಬೀಗುತ್ತಾ.

ಅವರು ನನ್ನ ಬೆನ್ನು ತಟ್ಟಿದರು. ಯಾವ ಸ್ಪೇರ್ ಅಂತ ಕೇಳಲಿಲ್ಲ. ಆ ತಟ್ಟಿದ ಜಾಗ ಇವತ್ತಿಗೂ ಒಂಥರಾ ಇದೆ.

ಮೊಳಕಾಲ್ಮೂರಿನ ಅವರ ಮನೆಯ ಪಡಸಾಲೆಯಲ್ಲಿ ಎರಡು ಗುಣಿಮಗ್ಗ. ಒಂದರಲ್ಲಿ ಡ್ರೈವರಣ್ಣನ ಸೊಸೆ ಗುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಇನ್ನೊಂದರ ಪಕ್ಕ ಗೋಡೆಗೆ ಒರಗಿ ಕೂತವರು ಅಕ್ಕ, ಡ್ರೈವರಣ್ಣನಿಗಿಂತ ಏಳೆಂಟು ವರ್ಷ ದೊಡ್ಡವರು. ಕಣ್ಣಿನಲ್ಲಿ ಹಾಲು ಬಿದ್ದಂತೆ ಪೊರೆ.

"ಬಂದ್ಯಾ ತಮ್ಮಾ? ಪ್ರಸ್ಥಾನದ ಗಂಟು ಹಂಗೇ ಐತಾ?"

"ಐತಕ್ಕ. ಕೆಳಗಿಳಿಸೇ ಇಲ್ಲ."

ಪ್ರಸ್ಥಾನ ಅನ್ನುವ ಮಾತು ಕಿವಿಗೆ ಬಿದ್ದಾಗ ಚೀಲದ ಮೇಲಿನ ಅರಿಶಿನ ಕುಂಕುಮ ನೆನಪಾಯಿತು. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ದಿನವೇ ಒಂದು ಸಾಮಾನನ್ನು ಪೂಜೆ ಮಾಡಿ ಮನೆಯಿಂದ ಹೊರಗೆ ಇಟ್ಟುಬಿಡುವುದು ನಮ್ಮ ಕಡೆ ಪದ್ಧತಿ. ಪ್ರಯಾಣ ಆಗಲೇ ಶುರುವಾಯಿತು ಅಂತ ಲೆಕ್ಕ. ಇಟ್ಟದ್ದನ್ನು ಮತ್ತೆ ಒಳಗೆ ತರುವಂತಿಲ್ಲ.

"ಮಂಗಳವಾರ ಹೊರಡಾದಲ್ಲ, ಅದಕ್ಕೆ ಶುಕ್ರವಾರನೇ ಡಿಕ್ಕಿಯಾಗೆ ಇಡಿಸಿದ್ಲು" ಅಂತ ಡ್ರೈವರಣ್ಣ ನನಗೆ ವಿವರಿಸಿದರು. "ಈ ಅಟ್ಟೆ ಸವೆದು ಹೋಗ್ಯಾವೆ. ಧರ್ಮಾವರದಾಗೆ ಒಬ್ಬ ಅದಾನೆ, ನೋಡ್ಕಂಡು ಹಂಗಂಗೇ ಹೊಸಾವು ಹೊಡ್ದು ಕೊಡ್ತಾನೆ. ಅಕ್ಕಂದೇ ಡಿಸೈನು. ಭಾವ ಇದ್ದಾಗ ಇಬ್ರೂ ಕುಂತು ಕೈಯಾಗೆ ಹೊಡ್ದಿದ್ದು."

"ಗಿಣಿ ಅಂಚು" ಅಂದರು ಅಕ್ಕ. "ಎಷ್ಟು ನೇಯ್ದೆನೋ ಲೆಕ್ಕ ಇಲ್ಲಪ್ಪ. ಎಲ್ಲಾ ಮಾರಾಟಕ್ಕೆ ಹೋದ್ವು. ಯಾವ್ಯಾವ ಊರಾಗೆ ಯಾರ್ಯಾರ ಬೀರುವಿನಾಗವೋ. ನಾನೊಂದು ಉಡಲಿಲ್ಲ. ಈಗ ಕಣ್ಣು ಪೂರಾ ಮುಚ್ಚೋದ್ರೊಳಗೆ ಒಂದು ಉಡ್ಬೇಕು ಅಂತ ಆಸೆ. ಇವಳು ನೇಯ್ತೀನಿ ಅಂದವಳೆ."

ಸೊಸೆ ಎದ್ದು ಹೋಗಿ ಡಿಕ್ಕಿಯಿಂದ ಚೀಲ ತೆಗೆದು ಹೊಸ್ತಿಲಾಚೆಯ ಜಗುಲಿಯ ಮೇಲಿಟ್ಟಳು, ಒಳಗೆ ತರಲಿಲ್ಲ. ಅಕ್ಕ ಗೋಡೆ ಹಿಡಿದು ಅಲ್ಲಿಗೇ ಬಂದು ಕೂತರು. ಕಟ್ಟನ್ನು ಮಡಿಲಲ್ಲಿಟ್ಟು ಅಟ್ಟೆಗಳ ಮೇಲೆ ಬೆರಳಾಡಿಸತೊಡಗಿದರು. ಕಣ್ಣು ಬೀದಿಯ ಕಡೆ, ಓದುತ್ತಿದ್ದದ್ದು ಬೆರಳು.

"ಎಲೆ... ಎಲೆ... ಇದು ಬಾಲ ಶುರುವಾತು... ಕಾಲು... ರೆಕ್ಕೆ, ರೆಕ್ಕೆ, ಇಲ್ಲೊಂದು ತೂತು ಹರಿದೈತೆ ನೋಡೇ... ಕುತ್ತಿಗೆ... ಇದು ಕಣ್ಣು..."

ನನಗೆ ಆಗಲೇ ಗೊತ್ತಾಗಿತ್ತು. ಬಾಲದಿಂದ ಹೊರಟ ಗಿಣಿ ತುದಿಗೆ ಬಂದಾಗ ಏನಾಗುತ್ತದೆ ಅಂತ ಯಾರಾದರೂ ಊಹಿಸಬಹುದು. ಕೊಕ್ಕು ಚೂಪಾಗುತ್ತಾ ಹೋದ ಹಾಗೆ ಏಳಬೇಕಾದ ಎಳೆ ಕಡಿಮೆ, ತೂತು ಕಡಿಮೆ. ನಾನು ಖಾಲಿ ಅಂದುಕೊಂಡದ್ದು ಖಾಲಿಯಾಗಿರಲಿಲ್ಲ.

ಅಕ್ಕನ ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಮುಂದೆ ಬಂತು.

"ಕೊಕ್ಕೆಲ್ಲಿ?"

ಅವರು ದಾರದ ತುದಿ ಹಿಡಿದು ಉಜ್ಜಿದರು.

"ಈ ಗಂಟು ನಂದಲ್ಲ."

"ಇಲಿ ತಿಂದಿರ್ಬೇಕಕ್ಕ" ಅಂದರು ಡ್ರೈವರಣ್ಣ.

"ಇಲಿ ಗಂಟು ಹಾಕ್ತದೇನ್ಲೇ?" ಅಂತ ಅಕ್ಕ ಗದರಿದರು. ಆಮೇಲೆ ಸೊಸೆಯ ಕಡೆ ತಿರುಗಿದರು. "ನೀನೇ ಅಲ್ವೇನೇ ಕಟ್ಟು ಕಟ್ಟಿದ್ದು? ಆರೋ ಏಳೋ ಎಲ್ಲಿ ಬೀಳಿಸ್ದೆ? ಒಂದು ಕೆಲಸ ನೆಟ್ಟಗೆ ಮಾಡಾಕಾಗಲ್ವಲ್ಲ ನಿಂಗೆ. ನೇಯ್ತಾಳಂತೆ ನೇಯ್ತಾಳೆ! ಮೊದ್ಲು ಎಣಿಸಾದು ಕಲಿ."

"ನಾನು ಸರಿಯಾಗೇ ಕಟ್ಟಿದ್ದೆ ದೊಡ್ಡತ್ತೆ" ಅಂದಳು ಆಕೆ. ಕೊನೆಯ ಅಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅದರ ಮೂಲೆಯಲ್ಲಿ ಕಪ್ಪಗೆ ಒಂದು ಹೆಬ್ಬೆಟ್ಟಿನ ಗುರುತಿತ್ತು. ಅವಳು ನನ್ನ ಕೈ ನೋಡಿದಳು. ಮತ್ತೆ ಅಟ್ಟೆಯನ್ನು ಕೆಳಗಿಟ್ಟು, ಟೀ ತರುತ್ತೇನೆ ಅಂತ ಒಳಗೆ ಹೋದಳು.

ಟೀ ಬಂತು. ನಾನು ಕುಡಿದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಆ ಲೋಟ ಖಾಲಿಯಾಗುವವರೆಗೆ ನಾನು ಬಾಯಿ ಬಿಡಲಿಲ್ಲ. ಇಡೀ ಎರಡು ದಿನ ನೀರಿನ ಪಂಪು, ಟೈರು ಅಂತ ಊರಿಗೆಲ್ಲ ಕೇಳುವಂತೆ ಚಿಂತೆ ಮಾಡಿದವನು, ಚಿಂತೆಗೆ ಅರ್ಹವಾದದ್ದು ಎದುರಿಗೆ ಬಂದು ಕೂತಾಗ ಸಕ್ಕರೆ ಜಾಸ್ತಿಯಾಯಿತೇನೋ ಅಂತ ನೋಡುತ್ತಾ ಕೂತಿದ್ದೆ. ಅಕ್ಕ ಸೊಸೆಯನ್ನು ಬೈಯುತ್ತಲೇ ಇದ್ದರು. ಹೋದ ವರ್ಷ ಕಳೆದ ಕತ್ತರಿ, ಮೊನ್ನೆ ಉಕ್ಕಿಸಿದ ಹಾಲು ಎಲ್ಲ ಬಂತು. ಆಕೆ ತಲೆ ಬಗ್ಗಿಸಿ ಮಗ್ಗದ ಹತ್ತಿರ ನಿಂತಿದ್ದಳು. ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಡಬಹುದಿತ್ತು. ಎದ್ದೂ ನಿಂತೆ. ಚಪ್ಪಲಿಗೆ ಕಾಲು ಹಾಕಿದ ಮೇಲೆ ಯಾಕೋ ಮುಂದಕ್ಕೆ ಹೆಜ್ಜೆ ಏಳಲಿಲ್ಲ.

"ಅಕ್ಕಾರೆ, ಅವಳನ್ನ ಬೈಬೇಡ್ರಿ. ಅಟ್ಟೆ ಕಾರಿನಾಗವೆ."

"ಡಿಕ್ಕಿಯಾಗೆ ಉದುರಿದ್ವಾ?"

"ಡಿಕ್ಕಿಯಾಗಲ್ಲ ಅಕ್ಕಾರೆ. ಇಂಜಿನ್ನಾಗೆ."

ಡ್ರೈವರಣ್ಣ ನನ್ನನ್ನು ನೋಡಿದರು. ಬಿ.ಜಿ. ಕೆರೆಯಲ್ಲಿ ನಾನು ಆಡಿದ ಮಾತು ಅವರಿಗೆ ಈಗ ಅರ್ಥವಾಗಿತ್ತು. ಅಕ್ಕನಿಗೆ ಮಾತ್ರ ತಿಳಿಯಲಿಲ್ಲ. ಪ್ಯಾಕಿಂಗ್ ಅಂದರೇನು, ಗಾಳಿ ಹೇಗೆ ನುಗ್ಗುತ್ತದೆ, ಎಲ್ಲ ಹೇಳಿದೆ. ಹೇಳುತ್ತಾ ಹೋದ ಹಾಗೆ ನನ್ನ ಬುದ್ಧಿವಂತಿಕೆಯ ಒಂದೊಂದು ಹೆಜ್ಜೆಯೂ ಕಳ್ಳತನದ ಹೆಜ್ಜೆಯಂತೆ ಕೇಳಿಸುತ್ತಿತ್ತು. ಅವರು ಕೂಗಾಡಲಿಲ್ಲ.

"ತೆಗಿ" ಅಂದರು.

ಹಿತ್ತಲಲ್ಲಿ ಬಾನೆಟ್ ಎತ್ತಿ, ಬಿಸಿ ಆರುವ ಮೊದಲೇ ಕಾರ್ಬೊರೇಟರ್ ಇಳಿಸಿದೆ. ಶೆಲ್ಯಾಕ್ ಗಟ್ಟಿಯಾಗಿ ಹಿಡಿದಿತ್ತು. ಒಳ್ಳೆಯ ಕೆಲಸ ಮಾಡಿದ್ದೆನಲ್ಲ! ಚಾಕುವಿನಿಂದ ಎಬ್ಬಿಸುವಾಗ ಎರಡು ಸಿಗಿದವು. ನಾಲ್ಕನ್ನೂ ತಂದು ಅಕ್ಕನ ಅಂಗೈಯಲ್ಲಿಟ್ಟೆ. ಪೆಟ್ರೋಲಿನ ವಾಸನೆ, ನಡುವೆ ಹೆಬ್ಬೆರಳು ತೂರುವಷ್ಟು ದೊಡ್ಡ ತೂತು. ಅವರು ಆ ತೂತಿನ ಅಂಚನ್ನು ಸವರಿದರು.

"ಇಷ್ಟು ದೊಡ್ಡ ತೂತು ಹೊಡೆದ್ರೆ ಯಾವ ಎಳೆ ಏಳುತ್ತಪ್ಪ?"

ಬರೆದ ನಕ್ಷೆ ಏನಾದರೂ ಇದೆಯೇ ಅಂತ ಕೇಳಿದೆ. ಗ್ರಾಫ್ ಕಾಗದ ಗೆದ್ದಲು ತಿಂದು ಬಹಳ ಕಾಲವಾಗಿತ್ತು. ಕೆಟ್ಟ ಎರಡು ಅಟ್ಟೆಗಳೆಲ್ಲಿ ಅಂತ ಸೊಸೆ ಕೇಳಿದಳು. ಒಂದರಲ್ಲಿ ಶೆಲ್ಯಾಕ್ ಬಳಿದು ಎಸೆದಿದ್ದೆ. ಇನ್ನೊಂದು ನೆನಪಾಗಲಿಲ್ಲ, ಒಲೆಗೆ ಹೋಗಿರಬೇಕು ಅಂದೆ.

"ಗಿಣಿ ಬಾಯಾಗೆ ಒಂದು ಕಾಳಿತ್ತು" ಅಂದರು ಅಕ್ಕ, ಯಾರಿಗೂ ಅಲ್ಲ ಎಂಬಂತೆ. "ಕೊಕ್ಕು ಬಿಟ್ಟಿತ್ತು, ನಡುವೆ ಕಾಳು. ಅದನ್ನ ಕೂಡಿಸಾಕೆ ನಿಮ್ಮ ಭಾವ ಎಂಟು ದಿನ ತಗಂಡಿದ್ರು. ಮೂರು ಎಳೆ ಎದ್ದು, ಎರಡು ಬಿಟ್ಟು... ಅಲ್ಲ, ಎರಡು ಎದ್ದು..." ಬೆರಳು ಮಡಿಚಿದರು, ಬಿಚ್ಚಿದರು, ಕೈಯನ್ನು ಮಡಿಲಿಗೆ ಬಿಟ್ಟರು. ಇಷ್ಟು ವರ್ಷ ಅಟ್ಟೆಯೇ ನೆನಪಿಟ್ಟುಕೊಂಡಿದ್ದನ್ನು ಅವರು ತಲೆಯಲ್ಲಿ ಯಾಕೆ ಇಟ್ಟುಕೊಳ್ಳಬೇಕಿತ್ತು?

ಕಾರು ಮಾತ್ರ ಬಾಯಿ ತೆರೆದು ನಿಂತಿತ್ತು. ಪ್ಯಾಕಿಂಗ್ ಇಲ್ಲದೆ ಅದು ಮರುದಿನ ಹೊರಡುವಂತಿರಲಿಲ್ಲ. ಸೊಸೆ ಒಳಗಿನಿಂದ ಒಂದು ಬುಟ್ಟಿ ತಂದು ನನ್ನ ಮುಂದಿಟ್ಟಳು. ತುಂಬ ಅಟ್ಟೆ.

"ಇವು ರದ್ದಿ ಅಣ್ಣ. ಎಷ್ಟು ಬೇಕೋ ಅಷ್ಟು ಕತ್ತರಿಸ್ಕಳ್ರಿ." ಆಮೇಲೆ ಮೆಲ್ಲಗೆ, "ಹೆಬ್ಬೆಟ್ಟು ನಾನು ಮೊದ್ಲೇ ನೋಡಿದ್ದೆ. ನೀವೇ ಹೇಳ್ತೀರ ಅಂತ ಕಾದೆ. ಟೀ ಕುಡ್ದು ಹೊಂಟೇಬಿಟ್ರಿ ಅಂದ್ಕಂಡಿದ್ದೆ" ಅಂದಳು.

ಆ ಹಿತ್ತಲಲ್ಲೇ ಕೂತು ಮತ್ತೆ ನಾಲ್ಕು ತುಂಡು ತಟ್ಟಿದೆ. ಇಂಜಿನ್ ಅಷ್ಟೇ ಚೆನ್ನಾಗಿ ಓಡಿತು. ಎಳ್ಳಷ್ಟೂ ವ್ಯತ್ಯಾಸವಿಲ್ಲ. ಬುಟ್ಟಿಯ ರದ್ದಿಗೂ ಗಿಣಿಯ ಕೊಕ್ಕಿಗೂ ಇಂಜಿನ್ನಿಗೆ ಭೇದ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದದ್ದು ನನಗೆ.

ಮಂಗಳವಾರ ಅವರು ಧರ್ಮಾವರಕ್ಕೆ ಹೋಗಿಬಂದರು. ದಾರಿಯಲ್ಲಿ ಕಾರು ಒಮ್ಮೆಯೂ ಕೆಮ್ಮಲಿಲ್ಲ ಅಂತ ಡ್ರೈವರಣ್ಣ ತಾವಾಗಿಯೇ ಫೋನ್ ಮಾಡಿ ಹೇಳಿದರು. ಅಟ್ಟೆ ಹೊಡೆಯುವವನು ಆರು ಅಟ್ಟೆಗಳ ಜಾಗಕ್ಕೆ ತನಗೆ ತೋಚಿದಂತೆ ಒಂದು ಮುಚ್ಚಿದ ಕೊಕ್ಕು ಕೂಡಿಸಿಕೊಟ್ಟಿದ್ದನಂತೆ.

"ಅಕ್ಕ ಏನಂದ್ರು?"

"ಬೆರಳಾಡಿಸಿ, ಸರಿ ಬಿಡು ಅಂದ್ಲು."

ಮೂರು ವಾರದ ನಂತರ ಗ್ಯಾರೇಜಿನಲ್ಲಿ ಬ್ಯಾಟರಿ ಚಾರ್ಜರ್ ಸರಿಸುತ್ತಿದ್ದೆ. ಅದರ ಒಂದು ಕಾಲಿನಡಿ ನಾಲ್ಕು ಮಡಿಕೆಯಾಗಿ ಕೂತಿತ್ತು ಅಟ್ಟೆ. ಚಾರ್ಜರ್ ಅಲುಗಾಡಿ ಬಿದ್ದೀತೆಂಬ ಚಿಂತೆಯಿಂದ, ಆ ಭಾನುವಾರ ನಾನೇ ಮಡಿಚಿ ಇಟ್ಟಿದ್ದೆ. ಬಿಡಿಸಿದೆ. ಸುತ್ತಿಗೆ ಏಟಿಗೆ ಒಂದು ಕಡೆ ಹರಿದಿದ್ದರೂ ತೂತುಗಳು ಪೂರ್ತಿ ಇದ್ದವು. ಎರಡು ತೂತು, ಒಂದಿಷ್ಟು ಬಿಟ್ಟು ಒಂದು, ಮತ್ತೆ ಬಿಟ್ಟು ಎರಡು. ನಡುವಿನ ಆ ಒಂದು ಯಾವುದೆಂದು ನನ್ನಂಥವನಿಗೂ ತಿಳಿಯಿತು. ಕೈ ತೊಳೆದು, ಅದನ್ನು ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿಕೊಂಡು ಮೊದಲು ಸಿಕ್ಕ ಬಸ್ ಹತ್ತಿದೆ.

ಸೊಸೆ ನೇಯುತ್ತಿದ್ದಳು. ಹಸಿರು ಒಡಲು, ಅಡಿಕೆ ಬಣ್ಣದ ಅಂಚು. ಅಂಚಿನುದ್ದಕ್ಕೂ ಬಾಯಿ ಮುಚ್ಚಿದ ಗಿಣಿಗಳು ಒಂದರ ಹಿಂದೊಂದು ನಡೆದಿದ್ದವು. ಸೀರೆ ಆಗಲೇ ಅರ್ಧ ಮುಗಿದಿತ್ತು. ಅಕ್ಕ ಅಟ್ಟೆಯನ್ನು ತಗೊಂಡು ಮಡಿಕೆಗಳನ್ನು ನೀವಿ ಸರಿಮಾಡಿದರು. ಬೆರಳು ಒಂದು ಸಲ ಹೋಯಿತು, ಒಂದು ಸಲ ಬಂತು, ನಡುವಿನ ತೂತಿನ ಮೇಲೆ ನಿಂತಿತು.

"ಹೂಂ. ಇದೇ ಕಾಳು."

"ಇದನ್ನ ನೋಡಿ ಮುಂದಿನ ಗಿಣಿಯಿಂದ ಕೂಡಿಸಬಹುದಲ್ವಾ ಅಕ್ಕಾರೆ? ಇದೊಂದು ಸಿಕ್ರೆ ಅಕ್ಕಪಕ್ಕದ್ದು ನೆನಪಾಗುತ್ತೇನೋ. ನಾನೇ ಧರ್ಮಾವರಕ್ಕೆ ಹೋಗಿ ಹೊಡೆಸ್ಕಂಡು ಬರ್ತೀನಿ."

ಅಕ್ಕ ಒಂದು ಕೈಯಲ್ಲಿ ಅಟ್ಟೆ ಹಿಡಿದು, ಇನ್ನೊಂದರಿಂದ ಮಗ್ಗದ ಮೇಲಿನ ಅಂಚನ್ನು ಸವರಿದರು.

"ಒಂದೇ ಸೀರೆಯಾಗೆ ಅರ್ಧ ಗಿಣಿಗೆ ಉಣ್ಣಾಕಿಟ್ಟು ಅರ್ಧ ಗಿಣೀನ ಉಪಾಸ ಕೆಡವಾಕಾಗುತ್ತೇನಪ್ಪ?" ಅಂದರು. "ಇನ್ನೊಂದು ಸೀರೆ ಕಾಣಾಷ್ಟು ಕಣ್ಣು ನಂಗಿಲ್ಲ. ಬಿಡು, ಇವು ಹಿಂಗೇ ಇರ್ಲಿ."

ಅಟ್ಟೆಯನ್ನು ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡಲಿಲ್ಲ.

"ತಗಾ. ಮನೆಯಾಗಿದ್ರೆ ಮತ್ತೆ ಮತ್ತೆ ಮುಟ್ಟಿ ನೋಡ್ತೀನಿ. ನಿನ್ನತ್ರ ಇರ್ಲಿ."

ಆ ಫಿಯಟ್ ಈಗಲೂ ಆರು ತಿಂಗಳಿಗೊಮ್ಮೆ ಟ್ಯೂನಿಂಗಿಗೆ ಬರುತ್ತದೆ. ಡಿಕ್ಕಿ ತೆಗೆಯುವ ಮೊದಲು ನಾನು ಫೋನ್ ಮಾಡುತ್ತೇನೆ; ಡ್ರೈವರಣ್ಣ ಈಗ ನಗುವುದಿಲ್ಲ, ತಾಳ್ಮೆಯಿಂದ ಹೇಳುತ್ತಾರೆ. ಹೋದ ಸಲ ಅಕ್ಕನೂ ಜೊತೆಗೆ ಬಂದಿದ್ದರು. ಗಿಣಿ ಅಂಚಿನ ಹಸಿರು ಸೀರೆ ಉಟ್ಟಿದ್ದರು, ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಿದ್ದರು. ನಾನು ಬಾನೆಟ್ ಕೆಳಗೆ ತಲೆಯಿಟ್ಟು ಸ್ಲೋ ಕೂಡಿಸುತ್ತಿದ್ದಾಗ ಅವರ ಬಲಗೈ ಸೆರಗಿನ ಅಂಚಿನ ಮೇಲೆ ಮೆಲ್ಲಗೆ ಹರಿಯುತ್ತಿತ್ತು. ಪ್ರತಿ ಗಿಣಿಯ ಮುಖದ ಹತ್ತಿರ ಬಂದಾಗ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು, ಆಮೇಲೆ ಮುಂದಕ್ಕೆ ಹೋಗುತ್ತಿತ್ತು.